ಬಟನ್ ಮೇಲಿನ ಮಾತು ಯಾರದ್ದು?

ಕಳೆದ ವರ್ಷ ಕಾಫಿ ಹೂ ಬಿಟ್ಟಿದ್ದ ಸಮಯ. ಕಳಸದಲ್ಲಿರುವ ನನ್ನ ದೊಡ್ಡಮ್ಮನ ಮಗಳು ವೀಣಕ್ಕನ ಮಗುವಿಗೆ ನಾಮಕರಣವಿತ್ತು. ಹಿಂದಿನ ದಿನವೇ ಬಂದು ಕೈಜೋಡಿಸಬೇಕೆಂದು ಅವಳ ಆಜ್ಞೆಯಾಗಿದ್ದರಿಂದ ಮೂಡಿಗೆರೆಯಲ್ಲಿ ಬಸ್ಸು ಹತ್ತಿದ್ದೆ. ರಜೆ ಮಾತ್ರ ಸಿಕ್ಕಿರಲಿಲ್ಲ. ಸಂಜೆ ಆಫೀಸಿನವರ ಜೊತೆ ಫೋನಿನಲ್ಲಿ ಮೀಟಿಂಗ್ ಇತ್ತು. ಅಷ್ಟರೊಳಗೆ ನಾನೊಂದು ಪದ ಹುಡುಕಬೇಕಿತ್ತು.

ನನ್ನ ಕೆಲಸ ಏನೆಂದು ಕೇಳಿದವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ದಿನಸಿಯಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲವನ್ನೂ ಮಾರುವ ದೊಡ್ಡ ಕಂಪನಿಯೊಂದರ ಆ್ಯಪ್‌ಗೆ, ವೆಬ್‌ಸೈಟಿಗೆ ಬೇಕಾದ ಬಿಡಿಭಾಗಗಳನ್ನು ಮನೆಯಲ್ಲೇ ಕೂತು ವಿನ್ಯಾಸ ಮಾಡುತ್ತೇನೆ. ಬಟನ್, ಬೆಲೆ ತೋರಿಸುವ ಚೌಕ, ಹುಡುಕುವ ಜಾಗ, ಇಂಥವು. ಒಮ್ಮೆ ಮಾಡಿದ ಬಟನ್ನನ್ನೇ ಅಕ್ಕಿಯ ಪುಟದಲ್ಲೂ ಚಪ್ಪಲಿಯ ಪುಟದಲ್ಲೂ ಟಿವಿಯ ಪುಟದಲ್ಲೂ ಇಡುತ್ತಾರೆ. ನಾನು ಅದರ ಮೂಲೆಯನ್ನು ಕೊಂಚ ದುಂಡಗೆ ಮಾಡಿದರೆ ಎಲ್ಲ ಕಡೆಯೂ ದುಂಡಗಾಗುತ್ತದೆ. ತಪ್ಪು ಮಾಡಿದರೂ ಅಷ್ಟೇ, ಎಲ್ಲ ಕಡೆಯೂ ತಪ್ಪು.

ಆ್ಯಪನ್ನು ಕನ್ನಡದಲ್ಲೂ ತರಬೇಕೆಂದು ಬೆನ್ನುಬಿದ್ದವಳೇ ನಾನು. ಎಲ್ಲ ಮುಗಿಯುತ್ತ ಬಂದಿತ್ತು. ಉಳಿದದ್ದು ಸಾಮಾನು ಆರಿಸಿಕೊಳ್ಳುವ ಬಟನ್ ಒಂದೇ. ‘ಕಾರ್ಟ್‌ಗೆ ಸೇರಿಸಿ’ ಎಂದು ಬರೆದರೆ ಸಣ್ಣ ಫೋನುಗಳಲ್ಲಿ ಎರಡು ಸಾಲಾಗುತ್ತಿತ್ತು. ‘ಬುಟ್ಟಿಗೆ ಸೇರಿಸಿ’ ಎಂದರೆ ಎರಡು ಸಾಲಾಗುವುದಲ್ಲದೆ ಟ ಒತ್ತು ಬಟನ್ನಿನ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿ ಹೋಗುತ್ತಿತ್ತು. ಅಕ್ಷರ ಚಿಕ್ಕದು ಮಾಡಿದರೆ ವಯಸ್ಸಾದವರಿಗೆ ಕಾಣದು. ಬಟನ್ ದೊಡ್ಡದು ಮಾಡಿದರೆ ಬೆಲೆಗೆ ಜಾಗವಿಲ್ಲ. ಪುಣೆಯಲ್ಲಿರುವ ನಮ್ಮ ತಂಡದ ಮುಖ್ಯಸ್ಥೆ ಮೇಧಾ, ಸಂಜೆಯೊಳಗೆ ಹೊಂದುವ ಪದ ಸಿಗದಿದ್ದರೆ ಆ ಬಟನ್ನನ್ನು ಇಂಗ್ಲಿಷಿನಲ್ಲೇ ಬಿಟ್ಟುಬಿಡೋಣ ಎಂದಿದ್ದರು. ಒಮ್ಮೆ ಹಾಗೆ ಬಿಟ್ಟರೆ ಮತ್ತೆ ಅದನ್ನು ಯಾರೂ ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಓದುವುದೆಲ್ಲ ಕನ್ನಡದಲ್ಲಿ, ಕೊಳ್ಳುವ ಹೊತ್ತಿಗೆ ಇಂಗ್ಲಿಷ್. ಅದು ನನಗೆ ಬೇಡವಾಗಿತ್ತು.

ಬಸ್ಸಿನಲ್ಲಿ ಫೋನು ಹಿಡಿದು ಆ ಬಟನ್ನಿನ ಚಿತ್ರಗಳನ್ನೇ ಹಿಂದೆ ಮುಂದೆ ಸರಿಸುತ್ತಿದ್ದೆ. ಪಕ್ಕದಲ್ಲಿ ಕುಕ್ಕರ್ ರಿಪೇರಿ ಮಾಡಿಸಿಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸು ಬಗ್ಗಿ ನೋಡಿದರು. ಹೆಸರು ಸುಮಿತ್ರಾ, ಕಳಸದ ಹತ್ತಿರದವರು. ಅಷ್ಟು ಹೊತ್ತಿನಿಂದ ಬುಟ್ಟಿ ಬುಟ್ಟಿ ಅಂತ ನೋಡುತ್ತಿದ್ದೀರಲ್ಲ, ಏನದು ಎಂದು ಕೇಳಿದರು. ಹೇಳಿದೆ. ಅವರಿಗೆ ಎಷ್ಟು ಕುತೂಹಲ ಹುಟ್ಟಿತೆಂದರೆ ಮುಂದಿನ ಸೀಟಿನಲ್ಲಿದ್ದ ನಿವೃತ್ತ ಕನ್ನಡ ಮೇಷ್ಟರನ್ನು ತಟ್ಟಿ ಕರೆದು, ಇವರಿಗೊಂದು ಪದ ಬೇಕಂತೆ ಎಂದರು.

ಮೇಷ್ಟರು ಕನ್ನಡಕ ಸರಿಮಾಡಿಕೊಂಡು, ‘ಖರೀದಿ ಸಂಚಿಗೆ ಸೇರ್ಪಡೆಗೊಳಿಸಿ’ ಎಂದು ಬರೆದರೆ ಚೆನ್ನ ಎಂದರು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್, ಅಷ್ಟುದ್ದ ಬರೆದರೆ ಅದು ಬಟನ್ ಆಗುವುದಿಲ್ಲ, ಬಸ್ಸಿನ ಬೋರ್ಡ್ ಆಗುತ್ತದೆ ಎಂದ. ಬುಟ್ಟಿ ಎಂದರೆ ತನಗೆ ಕಾಫಿ ಹಣ್ಣು ಕುಯ್ಯುವುದೇ ನೆನಪಾಗುತ್ತದೆ, ಚೀಲ ಅನ್ನಿ ಎಂದೂ ಸೇರಿಸಿದ. ಆಚೆ ಸಾಲಿನಲ್ಲಿ ಕೂತಿದ್ದ, ಕಾಫಿ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಒಬ್ಬರು ಸುಮ್ಮನೆ ‘ತಗೊಳ್ಳಿ’ ಎಂದರೆ ಸಾಕಲ್ಲ ಎಂದರು. ನನಗೂ ಅದು ಇಷ್ಟವಾಯಿತು. ಚಿಕ್ಕದು, ಮರ್ಯಾದೆಯೂ ಇದೆ.

ಆದರೆ ಸುಮಿತ್ರಕ್ಕ ತಲೆ ಅಲ್ಲಾಡಿಸಿದರು.

“ಅಲ್ಲ, ತಗೊಳ್ಳಿ ಅಂತ ಯಾರು ಯಾರಿಗೆ ಹೇಳೋದು? ಆ ಬಟನ್ ಒತ್ತೋದು ನಾವು. ಹಂಗಾರೆ ಅದ್ರ ಮೇಲಿರೋ ಮಾತು ನಮ್ಮದಾ, ಅಂಗಡಿಯವ್ರದಾ?”

ವರ್ಷಗಟ್ಟಲೆ ಬಟನ್‌ಗಳನ್ನು ಮಾಡಿದ್ದೇನೆ. ಬಣ್ಣ, ಅಳತೆ, ಅಂಚು ಎಲ್ಲದರ ಬಗ್ಗೆಯೂ ಚರ್ಚೆ ಮಾಡಿದ್ದೇವೆ. ಇದನ್ನು ಯಾರೂ ಕೇಳಿದ್ದಿಲ್ಲ. ಬಸ್ಸು ಕೊಟ್ಟಿಗೆಹಾರ ತಲುಪುವವರೆಗೂ ಚರ್ಚೆ ನಡೆಯಿತು. ಅಂಗಡಿಯವನ ಮಾತು ಎಂದು ರೈಟರ್, ಕೊಳ್ಳುವವರ ಮಾತು ಎಂದು ಸುಮಿತ್ರಕ್ಕ, ಯಾರದ್ದೂ ಅಲ್ಲ, ಅದು ಸೂಚನೆ ಅಷ್ಟೇ ಎಂದು ಮೇಷ್ಟರು. ಪದ ಮಾತ್ರ ಸಿಗಲಿಲ್ಲ.

ಕೊಟ್ಟಿಗೆಹಾರದಲ್ಲಿ ಬಸ್ಸು ಟೀಗೆ ನಿಂತಿತು. ನಾನು ಗ್ಲಾಸು ಹಿಡಿದು ಅಂಗಡಿಯ ಪಕ್ಕ ನಿಂತಿದ್ದೆ. ಮೇಷ್ಟರು ಬಾಳೆಹಣ್ಣು ಕೇಳಿದರು, ಬಿಸ್ಕತ್ ಕೇಳಿದರು. ಅಂಗಡಿಯವರು ಕವರಿಗೆ ಹಾಕುತ್ತಿದ್ದಾಗ ಮೇಷ್ಟರ ಕಣ್ಣು ಕಡ್ಲೆ ಮಿಠಾಯಿಯ ಪ್ಯಾಕೆಟ್ಟಿನ ಮೇಲೆ ಬಿತ್ತು. ಅದನ್ನೆತ್ತಿ ಮುಂದೆ ಸರಿಸಿ, “ಇದಿರ್ಲಿ” ಎಂದರು. ಅಂಗಡಿಯವರು ಅದನ್ನೂ ಕವರಿಗೆ ಹಾಕಿದರು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ, ಮತ್ತೊಂದು ಮಾತೂ ಆಡಲಿಲ್ಲ.

ನಾನು ಟೀ ಕುಡಿಯುವುದನ್ನು ಮರೆತೆ. ‘ಇದಿರಲಿ’. ಒಂದೇ ಪದ, ಒಡೆದು ಎರಡು ಸಾಲಾಗುವುದಿಲ್ಲ. ಕೆಳಗೆ ಒತ್ತಕ್ಷರವಿಲ್ಲ, ಕತ್ತರಿಸಿ ಹೋಗುವಂಥದ್ದೇನೂ ಇಲ್ಲ. ಮೇಲಾಗಿ ಅದು ಕೊಳ್ಳುವವರ ಬಾಯಿಯ ಮಾತು.

ಬಸ್ಸು ಹೊರಟ ಮೇಲೆ ಹೇಳಿದೆ. ಮೇಷ್ಟರು ನಂಬಲಿಲ್ಲ.

“ನಾನು ಹಂಗಂದ್ನಾ? ನಾನು ಕಡ್ಲೆ ಮಿಠಾಯಿ ಕೊಡಿ ಅಂದಿರ್ಬೇಕು.”

ಸುಮಿತ್ರಕ್ಕ ನಕ್ಕರು. ಆದರೆ ಅವರದ್ದು ಇನ್ನೊಂದು ತಕರಾರು ಬಂತು. ನೆಂಟರ ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಬಗ್ಗಿಸಲು ಬಂದರೆ ‘ಇರ್ಲಿ ಇರ್ಲಿ’ ಎನ್ನುತ್ತೇವೆ, ಅದರ ಅರ್ಥ ಬೇಡ ಎಂದಲ್ಲವೇ? ಬಟನ್ ನೋಡಿದವರು ಹಾಗೆ ತಿಳಿದರೆ? ಹೌದಲ್ಲ, ಒಂದೇ ಮಾತು ಬೇಕು ಎಂದೂ ಆಗುತ್ತದೆ, ಬೇಡ ಎಂದೂ ಆಗುತ್ತದೆ. ಸಂಜೆಯ ಮೀಟಿಂಗಿನಲ್ಲಿ ಇದನ್ನು ಹೇಗೆ ವಿವರಿಸುವುದು?

ಎಲ್ಲರೂ ಯೋಚಿಸತೊಡಗಿದರು. ಕಂಡಕ್ಟರ್ ‘ಇದೂ ಇರಲಿ’ ಎಂದು ಸೂಚಿಸಿದ. ಮೊದಲನೇ ಸಾಮಾನಿಗೇ ‘ಇದೂ’ ಅಂದರೆ ಹೇಗೆ ಎಂದು ರೈಟರ್ ತೆಗೆದುಹಾಕಿದರು. ಕೊನೆಗೆ ಬಗೆಹರಿಸಿದ್ದು ಮೇಷ್ಟರೇ. ಬಾಳೂರು ಹತ್ತಿರ ಬಂದಾಗ, ಇಳಿಯಲು ಎದ್ದು ಕಂಬಿ ಹಿಡಿದು ನಿಂತವರು ತಿರುಗಿ ಹೇಳಿದರು.

“ಬರೀ ಇರ್ಲಿ ಅಂದ್ರೆ ಬೇಡ ಅಂತ ಆಗ್ಬಹುದು. ಇದಿರ್ಲಿ ಅಂದ್ರೆ ಹಂಗಾಗಲ್ಲ ತಂಗಿ. ವಸ್ತು ತೋರಿಸಿ ಹೇಳೋದದು. ನಿಮ್ಮ ಬಟನ್ ಚಿತ್ರದ ಕೆಳಗೇ ಇರತ್ತಲ್ಲ?”

ಇರುತ್ತದೆ ಎಂದೆ. ಹಾಗಾದರೆ ಸರಿ ಎಂದು ಇಳಿದು ಹೋದರು. ಅವರ ಹೆಸರನ್ನೂ ಕೇಳಿರಲಿಲ್ಲ.

ಸಂಜೆ ವೀಣಕ್ಕನ ಮನೆಯ ಅಂಗಳದಲ್ಲಿ, ತೋರಣ ಕಟ್ಟುತ್ತಿದ್ದವರ ಗಲಾಟೆಯಿಂದ ದೂರ ನಿಂತು ಮಾತಾಡಿದೆ. ಮೇಧಾ ಅಕ್ಷರಶಃ ಅರ್ಥ ಕೇಳಿದರು. ಹೇಳಿದೆ. ಇಂಗ್ಲಿಷಿಗೆ ತಂದರೆ ‘ಲೆಟ್ ಇಟ್ ಬಿ’, ಬಿಟ್ಟುಬಿಡು ಎಂದಂತಿದೆಯಲ್ಲ ಎಂದರು. ಆಗ ಬಸ್ಸಿನ ಕಥೆಯನ್ನೂ ಕಡ್ಲೆ ಮಿಠಾಯಿಯ ಕಥೆಯನ್ನೂ ಹೇಳಿದೆ. ಅವರ ದನಿ ಬದಲಾಯಿತು. ಅವರ ತಾಯಿಯೂ ಅಂಗಡಿಯಲ್ಲಿ ಸಾಮಾನಿನ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರಂತೆ. ತಾವು ಅದನ್ನು ಯಾವತ್ತೂ ಗಮನಿಸಿಯೇ ಇರಲಿಲ್ಲ ಎಂದರು.

ಆದರೂ ಅವರು ಸುಮ್ಮನೆ ಒಪ್ಪುವವರಲ್ಲ. ಮುಂದಿನ ವಾರ ಬೇರೆ ಬೇರೆ ಜಿಲ್ಲೆಗಳ ಕೆಲವರ ಕೈಗೆ ಫೋನು ಕೊಟ್ಟು, ಏನೂ ವಿವರಿಸದೆ, ಒಂದು ಸೋಪು ಆರಿಸಿಕೊಳ್ಳಿ ಎಂದು ಹೇಳಿಸಿದರು. ನಾನು ವಿಡಿಯೊದಲ್ಲಿ ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಒಬ್ಬರು, ಇದೇನು ನಮ್ಮನೆ ಮಾತು ಬರೆದಿದ್ದಾರೆ ಎಂದು ನಕ್ಕರು. ಇನ್ನೊಬ್ಬರು ಇಂಗ್ಲಿಷೇ ವಾಸಿ ಎಂದರು. ಆದರೆ ಯಾರ ಬೆರಳೂ ತಡವರಿಸಲಿಲ್ಲ. ‘ಇದಿರಲಿ’ ಉಳಿಯಿತು. ಅಕ್ಕಿಯ ಪುಟದಲ್ಲೂ, ಚಪ್ಪಲಿಯ ಪುಟದಲ್ಲೂ, ಎಲ್ಲ ಕಡೆಯೂ.

ಅಂದಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಅಂಗಡಿಗೆ ಹೋದರೆ ಬೇಕಾದದ್ದು ಕೇಳುವ ಮೊದಲು ಪಕ್ಕದವರು ಹೇಗೆ ಕೇಳುತ್ತಾರೆಂದು ಕಿವಿಗೊಡುತ್ತೇನೆ. ಬೇಡ ಎನ್ನುವುದಕ್ಕೆ ನಮ್ಮ ಜನರ ಹತ್ತಿರ ಎಷ್ಟೊಂದು ಬಗೆಗಳಿವೆ! ಆರಿಸಿದ್ದನ್ನು ಬೇಡವೆಂದು ತೆಗೆಯುವ ಬಟನ್ನಿಗೂ ಇಂಥದ್ದೊಂದು ಮಾತು ಹುಡುಕುವುದಿದೆ.

ಈ ವರ್ಷ ಮಳೆ ಹಿಡಿಯುವ ಮುಂಚೆ ಒಂದು ದಿನ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಹೆಂಡತಿ ಫೋನಿನಲ್ಲಿ ಗಂಬೂಟ್ಸ್ ನೋಡುತ್ತಿದ್ದರು. ನಮ್ಮದೇ ಆ್ಯಪ್. ಹಳೆಯದೇ ಚೆನ್ನಾಗಿದೆಯಲ್ಲ ಎಂದು ಗಂಡ ಗೊಣಗಿದರು. ಆಕೆ ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ, “ಇದಿರ್ಲಿ” ಎಂದು ಬೆರಳು ಒತ್ತಿದರು. ಬಟನ್ ಮೇಲಿದ್ದುದನ್ನು ಓದಿದರೋ, ಗಂಡನಿಗೆ ತಮ್ಮ ಮಾತು ಹೇಳಿದರೋ ನನಗೆ ತಿಳಿಯಲಿಲ್ಲ. ಕೇಳೋಣವೆಂದು ಆ ಕಡೆ ತಿರುಗಿದವಳು ಸುಮ್ಮನಾದೆ. ತಿಳಿಯದೇ ಹೋದದ್ದೇ ನನಗೆ ತುಂಬ ಖುಷಿ ಕೊಟ್ಟಿತು.