ಧಣಿಯ ಪಾತ್ರಕ್ಕೆ ರೊಸಾರಿಯೊ

ಅನ್ಯಾಯದ ವಿರುದ್ಧ ಬರೆದ ನಾಟಕಗಳಿಗೆಲ್ಲ ಒಂದೇ ತೊಂದರೆ. ಅನ್ಯಾಯ ಮಾಡುವವನ ಪಾತ್ರ ಓದಲು ಯಾರೂ ಸಿಗುವುದಿಲ್ಲ. ಕೂಲಿಯವಳು, ಜೈಲಿಗೆ ಹೋಗುವ ತರುಣ, ಎದೆಯೊಡ್ಡಿ ನಿಲ್ಲುವ ಮುದುಕ, ಇವರ ಮಾತು ಓದಲು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಧಣಿಯ ಸರದಿ ಬಂದಾಗ ಮಾತ್ರ ಒಬ್ಬರ ಗಂಟಲು ಕಟ್ಟಿರುತ್ತದೆ, ಇನ್ನೊಬ್ಬರು ಕನ್ನಡಕ ಮರೆತು ಬಂದಿರುತ್ತಾರೆ. ಉಡುಪಿ ಕಡೆಯ ಒಂದು ಭಾನುವಾರದ ಓದುಕೂಟದಲ್ಲಿ ಈ ಕಷ್ಟವನ್ನು ನೀಗಿಸಿದವರು ರೊಸಾರಿಯೊ.

ಕೂಟವೆಂದರೆ ದೊಡ್ಡ ತಂಡವೇನಲ್ಲ. ವೇಷವಿಲ್ಲ, ರಂಗವಿಲ್ಲ, ಟಿಕೆಟ್ಟಿಲ್ಲ. ಹತ್ತು ಹನ್ನೆರಡು ಜನ ಸುತ್ತ ಕುಳಿತು, ಜೆರಾಕ್ಸ್ ಪ್ರತಿ ಹಿಡಿದು, ತಮ್ಮ ತಮ್ಮ ಪಾಲಿನ ಮಾತು ಓದುತ್ತಾರೆ. ಒಂದು ವಾರ ಕಾಪುವಿನಲ್ಲಿ ಶೇಖರನ ಟೈಲರ್ ಅಂಗಡಿ, ಇನ್ನೊಂದು ವಾರ ಕಾರ್ಕಳದಲ್ಲಿ ಕುಶಲಾ ಟೀಚರ ಮನೆಯ ಜಗಲಿ. ನಡೆಸುವವಳು ಮಣಿಪಾಲದ ಕಾಲೇಜೊಂದರಲ್ಲಿ ಪಾಠ ಮಾಡುವ ಪ್ರಣೀತಾ. ಓದಿನ ನಂತರ ಚಹಾ, ಗೋಳಿಬಜೆ ಮತ್ತು ದೇಶದ ಸ್ಥಿತಿಗತಿ. ಗೋಳಿಬಜೆ ಬೇಗ ಮುಗಿಯುತ್ತದೆ.

ರೊಸಾರಿಯೊ ಉಡುಪಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಜನ ಕರೆಯುವ ಏಜೆಂಟ್. ಪ್ರಾಯದಿಂದಲೂ ಅದೇ ಕೆಲಸ. "ಕಾರ್ಕಳ ಕಾರ್ಕಳ ಕಾರ್ಕಳ" ಎಂದು ಕೂಗಿ ಕೂಗಿ ಅವರ ಸ್ವರ ಎಷ್ಟು ದಪ್ಪವಾಗಿದೆಯೆಂದರೆ, ಮೆಲ್ಲಗೆ ಸಮಯ ಕೇಳಿದರೂ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಸ್ಸಿಗೆ ಕರೆಯುವವನಿಗೆ ಯಾರೂ ಉತ್ತರ ಕೊಡುವುದಿಲ್ಲ. ಕೇಳಿಸಿಕೊಳ್ಳುತ್ತಾರೆ, ಹತ್ತುತ್ತಾರೆ, ಹೋಗುತ್ತಾರೆ. ಮುಖ ನೋಡಿ ಆಗಬೇಕಾದ್ದಾದರೂ ಏನು? ದಿನವಿಡೀ ಇಡೀ ಊರನ್ನು ಕರೆದು, ಸಂಜೆ ಅವರು ಕಟಪಾಡಿಯ ಬಾಡಿಗೆ ಮನೆಗೆ ಹೋಗಿ ಬೀಗ ತೆಗೆಯುತ್ತಿದ್ದರು. ಮದುವೆಯಾದವರಲ್ಲ. ಜೊತೆಗಿದ್ದ ಅಕ್ಕ ಎಸ್ತರ್ ಇರುವಷ್ಟು ಕಾಲ ಮೀನಿಗೆ ಹುಳಿ ಹೆಚ್ಚಾಯಿತೆಂದಾದರೂ ಜಗಳವಾಗುತ್ತಿತ್ತು. ಅವಳು ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತೆಂಬುದೇ ಇಲ್ಲದಾಯಿತು.

ಅವರನ್ನು ಕೂಟಕ್ಕೆ ಕರೆತಂದವನು ಶೇಖರ. "ಈ ಸ್ವರವನ್ನು ಬಸ್ಸಿಗೆ ಮಾತ್ರ ಹಾಳು ಮಾಡುವುದು ಎಂತಕ್ಕೆ ಮಾರಾಯ್ರೆ? ಭಾನುವಾರ ಬನ್ನಿ. ನಮ್ಮಲ್ಲಿ ಧಣಿಗೆ ಜನ ಇಲ್ಲ."

ಹೋದರು. ಧಣಿಯನ್ನು ಓದಿದರು. ಕುಶಲಾ ಟೀಚರು ನಿಜವಾಗಿಯೂ ಹೆದರಿದರಂತೆ. ಅಲ್ಲಿಗೆ ರೊಸಾರಿಯೊ ಅವರ ಹಣೆಬರಹ ನಿಶ್ಚಯವಾಯಿತು. ಮುಂದಿನ ನಾಟಕಗಳಲ್ಲಿ ಅವರು ಇನ್ಸ್‌ಪೆಕ್ಟರ್, ಗಿರಣಿ ಮಾಲೀಕ, ಬಡ್ಡಿ ಸಾಹುಕಾರ. ಲೋಕದ ಪಾಪವೆಲ್ಲ ಆ ಬಡಪಾಯಿಯ ತಲೆಗೆ.

ಅದಕ್ಕೆ ಅವರಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆ ಒಂದಕ್ಕೆ. ಇಂಥ ನಾಟಕಗಳ ಕೊನೆಯಲ್ಲಿ 'ಎಲ್ಲರೂ' ಎಂದು ಬರೆದು ಒಂದು ಮಾತು ಕೊಟ್ಟಿರುತ್ತಾರೆ. ಅದನ್ನು ಕೂಟದವರೆಲ್ಲ ಒಟ್ಟಿಗೆ ಹೇಳಬೇಕು. ಆಗ ಪ್ರಣೀತಾಳ ಕಣ್ಣು ಹೊಳೆಯುತ್ತಿತ್ತು, ಶೇಖರ ತೊಡೆ ತಟ್ಟುತ್ತಿದ್ದ, ಹೊಸದಾಗಿ ಬಂದವರೂ ಭುಜಕ್ಕೆ ಭುಜ ತಾಗಿಸುತ್ತಿದ್ದರು. ಎಲ್ಲರೂ ಎಂದರೆ ರೊಸಾರಿಯೊ ಒಬ್ಬರನ್ನು ಬಿಟ್ಟು ಎಲ್ಲರೂ. ತಾನೂ ಒಮ್ಮೆ ಆ ಮಾತಿನೊಳಗೆ ಇರಬೇಕು ಎಂಬುದು ಅವರ ದೊಡ್ಡ ಆಸೆ.

ಈ ವರ್ಷ ಕಲ್ಲು ಕಡಿಯುವ ಕೋರೆಯೊಂದರ ನಾಟಕ ಕೈಗೆತ್ತಿಕೊಂಡರು. ಕೋರೆಯ ಧಣಿ ಕೆಲಸದವರ ಬಾವಿಗೆ ಬೇಲಿ ಹಾಕಿಸುತ್ತಾನೆ. ಮರುದಿನ ಬೇಲಿ ಇಲ್ಲ. "ಬೇಲಿ ಕಿತ್ತದ್ದು ಯಾರು?" ಎಂದು ಧಣಿ ಅಬ್ಬರಿಸುತ್ತಾನೆ. ಕೆಲಸದವರು ತಮ್ಮಲ್ಲೊಬ್ಬನನ್ನು ಹಿಡಿದುಕೊಡಲಿ ಎಂಬುದು ಅವನ ಲೆಕ್ಕ. ಎಲ್ಲರೂ ಹೇಳುತ್ತಾರೆ: "ನಾವು!"

ರೊಸಾರಿಯೊ ಧೈರ್ಯ ಮಾಡಿ ಪ್ರಣೀತಾಳ ಹತ್ತಿರ ಹೋದರು. "ನನಗೂ ಒಮ್ಮೆ ಅವರ ಒಟ್ಟಿಗೆ ಹೇಳಬೇಕು ಅಂತ ಉಂಟು."

"ಎಂತ ಅಂಕಲ್, ನಿಮ್ಮ ಹಾಗೆ ಧಣಿಯನ್ನು ಯಾರು ಓದ್ತಾರೆ?"

"ಯಾರಾದರೂ ಓದಲಿ. ಒಮ್ಮೆ ಮಾತ್ರ."

ಅವರ ಮುಖ ನೋಡಿ ಅವಳು ಒಪ್ಪಿದಳು. ಕಾರ್ಕಳದ ಜಗಲಿಯಲ್ಲಿ ಧಣಿಯ ಪ್ರತಿ ಕೂಟದಲ್ಲಿದ್ದ ಬ್ಯಾಂಕ್ ನೌಕರ ಡ್ಯಾರಿಲ್‌ನ ಕೈಗೆ ಹೋಯಿತು. ಸಾಲದ ನೋಟಿಸು ಓದುವಂತೆ ಓದಿದ. ಪರವಾಗಿಲ್ಲ. ಕಾದಿದ್ದ ಗಳಿಗೆ ಬಂತು. "ನಾವು!" ಎಂದರು ರೊಸಾರಿಯೊ. ಉಳಿದವರೂ ಅಂದರು, ಆದರೆ ಕೇಳಿಸಿದ್ದು ಅವರೊಬ್ಬರದೇ.

"ಅಂಕಲ್, ಸ್ವಲ್ಪ ಮೆಲ್ಲ," ಎಂದಳು ಪ್ರಣೀತಾ. "ನಿಮ್ಮದೊಂದೇ ಕೇಳ್ತದೆ. ಎಲ್ಲರೂ ಹೇಳಿದ ಹಾಗೆ ಆಗುವುದಿಲ್ಲ, ಅಲ್ವಾ?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ತಗ್ಗಿಸಿ ಹೇಳಿದರು. ಆಗಲೂ ಅದೇ ಕಥೆ. ಮತ್ತೊಮ್ಮೆ ಓದಿದಾಗ ಅವರು ತುಟಿ ಮಾತ್ರ ಆಡಿಸಿದರು.

"ಈಗ ನೋಡಿ! ಎಲ್ಲರದ್ದೂ ಒಂದೇ ಸ್ವರ ಆಯ್ತು!" ಎಂದು ಪ್ರಣೀತಾ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಅದರಲ್ಲಿ ರೊಸಾರಿಯೊ ಇರಲಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟು ಜನ ಡ್ಯಾರಿಲ್‌ನ ಮುಖವನ್ನೇ ನೋಡುತ್ತಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಅಳು ಬಂತು. ಆಸೆಪಟ್ಟ ಜಾಗಕ್ಕೆ ಹೋಗಿ ಕುಳಿತರೆ ಅಲ್ಲಿಯೂ ತಾನಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಡ್ಯಾರಿಲ್‌ನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚು. ಅಷ್ಟು ಜನ ತಲೆಯೆತ್ತಿ ಅವನಿಗೆ ಉತ್ತರ ಕೊಟ್ಟರಲ್ಲ!

ಮುಂದಿನ ಭಾನುವಾರ ಕಾಪುವಿನ ಟೈಲರ್ ಅಂಗಡಿಯಲ್ಲಿ ಅವರು ಎಲ್ಲರಿಗಿಂತ ಮೊದಲೇ ಹೋಗಿ ಕುಳಿತಿದ್ದರು. ಡ್ಯಾರಿಲ್ ಬಂದವನೇ, ಅವರು ಕೈಚಾಚಿದ್ದು ಕಂಡು, ಧಣಿಯ ಪ್ರತಿಯನ್ನು ಸಂತೋಷದಿಂದಲೇ ಕೊಟ್ಟ.

"ಎಂತ ಮಾರಾಯ್ರೆ, ಒಂದೇ ವಾರಕ್ಕೆ ಜನರ ಪಕ್ಷ ಬಿಟ್ಟಿರಾ?" ಎಂದು ಶೇಖರ ನಕ್ಕ. ರೊಸಾರಿಯೊ ಕೂಡ ನಕ್ಕರು.

ಆ ದಿನ ಅವರು ಓದಿದ್ದು ಹೇಗಿತ್ತೆಂದರೆ, ಹೊಲಿಯಲು ಬಟ್ಟೆ ಕೊಡಲು ಬಂದವರೂ ಬಾಗಿಲಲ್ಲಿ ನಿಂತರು.

"ಬೇಲಿ ಕಿತ್ತದ್ದು ಯಾರು?"

ಎಲ್ಲರೂ ಪ್ರತಿಯಿಂದ ತಲೆಯೆತ್ತಿ, ಅವರ ಮುಖವನ್ನೇ ನೋಡಿ ಹೇಳಿದರು, "ನಾವು!"

ಇಲ್ಲಿ ಧಣಿ ತಲೆತಗ್ಗಿಸಿ ಹೊರಟುಹೋಗಬೇಕು. ರೊಸಾರಿಯೊ ಹೋಗಲಿಲ್ಲ.

"ಯಾರು?"

"ನಾವು!" ಈ ಸಲ ಇನ್ನೂ ಜೋರಾಗಿ, ಬಾಗಿಲಲ್ಲಿ ನಿಂತವರೂ ಸೇರಿ.

ಪ್ರಣೀತಾ ತನ್ನ ಪ್ರತಿಯನ್ನು ತಿರುವಿ ನೋಡಿದಳು. ಅಲ್ಲಿ ಆ ಪ್ರಶ್ನೆ ಒಂದೇ ಸಲ ಇತ್ತು. ಅವಳು ತಲೆಯೆತ್ತುವಷ್ಟರಲ್ಲಿ ರೊಸಾರಿಯೊ ಮತ್ತೆ ಕೇಳಿದರು.