ಕಂಬಳಿಯ ಮೇಲೆ ಕೂತು ಹೇಳಿದ ಮಾತು

1974ರ ಚಳಿಗಾಲದಲ್ಲಿ ಚಿತ್ರದುರ್ಗದ ಒಂದು ದಿನಪತ್ರಿಕೆಯ ಮೂರನೆಯ ಪುಟದಲ್ಲಿ ಎಂಟು ಸಾಲಿನ ಸುದ್ದಿಯೊಂದು ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಮತ್ತು ಡೇನಿಶ್ ಕುಟುಂಬಗಳು ಕಟ್ಟಿಕೊಂಡ ಸ್ನೇಹ ಸಂಘವೊಂದು ಕೈಕಸುಬಿನ ಪ್ರದರ್ಶನ ನಡೆಸಿದೆ, ಅಲ್ಲಿ ಮದಕರಿಪುರದ ಹಿರಿಯ ನೇಕಾರರೊಬ್ಬರ ಕರಿ ಕಂಬಳಿಯನ್ನು ತೂಗುಹಾಕಲಾಗಿದೆ ಎಂಬುದು ಸುದ್ದಿ. ಬರೆದವನು ನಾನು.

ಆ ಪತ್ರಿಕೆಯ ತುಣುಕು ಕಳೆದ ತಿಂಗಳು ನನ್ನ ಮನೆಗೆ ಬಂತು. ತಂದವಳು ಆ ನೇಕಾರರ ಮೊಮ್ಮಗಳು, ಅವರ ಕಿರಿಮಗನ ಮಗಳು. ಊರಿನ ಹೆಂಗಸರನ್ನು ಸೇರಿಸಿ ಮತ್ತೆ ಮಗ್ಗ ಹೂಡಿದ್ದಾಳೆ. ಅವಳು ಚೀಲ ಬಿಚ್ಚಿದ ಕೂಡಲೇ ಹುಣಸೆಬೀಜದ ಗಂಜಿಯ ವಾಸನೆ ಬಂತು. ಉಣ್ಣೆಯ ಹಾಸು, ಅಂದರೆ ಮಗ್ಗದ ಉದ್ದೆಳೆಗಳು, ಗಟ್ಟಿಯಾಗಲೆಂದು ಕಂಬಳಿ ನೇಯುವವರು ಬಳಿಯುವ ಗಂಜಿ ಅದು. ಸ್ವಲ್ಪ ಹುಳಿ, ಸ್ವಲ್ಪ ಸುಟ್ಟ ವಾಸನೆ... ಅದರ ಹಿಂದೆಯೇ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಿಗೆ ಬಂದರು. ಕಪ್ಪು ಬೂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮಡಚಿದ ನೀಲಿ ಏರ್‌ಮೇಲ್ ಕಾಗದ.

"ಅಣ್ಣ, ಇದನ್ನ ದೊಡ್ಡದು ಮಾಡ್ಸಿ ಶೆಡ್ಡಿನ ಗ್ವಾಡೆಗೆ ಹಾಕ್ಬೇಕು" ಎಂದಳು. "ಬರ್ದೋರು ನೀವೇ ಅಂತ ನಮ್ಮಪ್ಪ ಹೇಳ್ತಿದ್ದ. ಅಲ್ಲೀದು ಒಂದು ಫೋಟೋ ಏನಾರ ಐತಾ?"

ನೋಡಿ ಹೇಳುತ್ತೇನೆ, ಹತ್ತು ದಿನ ಬಿಟ್ಟು ಬಾ ಎಂದೆ. ನೋಡುವುದಕ್ಕೆ ಏನೂ ಇರಲಿಲ್ಲ.

ಮೇಷ್ಟ್ರು ನಮಗೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಹೊಸದುರ್ಗದ ಕಡೆಯವರು. ಶಿಕ್ಷಕರ ತರಬೇತಿಗೆಂದು ಒಂದು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದಿದ್ದರು. ಅಲ್ಲಿ ಪೂರ್ವ ಕರಾವಳಿಯ ಸಣ್ಣ ಬಂದರು ಊರೊಂದರಲ್ಲಿ ಅವರು ಬಾಡಿಗೆಗಿದ್ದ ಮನೆಯ ಯಜಮಾನ ಇಂಗ್ಲೆಂಡಿನವನು, ಹೆಂಡತಿ ಡೆನ್ಮಾರ್ಕಿನವಳು. ಅಂಥ ಕುಟುಂಬಗಳು ಆ ಊರಿನಲ್ಲಿ ಹಲವು ಇದ್ದವಂತೆ. ಅವರೆಲ್ಲ ಸೇರಿ ಕಟ್ಟಿಕೊಂಡ ಸಂಘದಲ್ಲಿ ತಿಂಗಳಿಗೊಮ್ಮೆ ಹಾಡು, ಊಟ, ಮಾತು. ಆ ಮನೆಯಾಕೆಯೇ ಸಂಘದ ಕಾರ್ಯದರ್ಶಿ. ಮೇಷ್ಟ್ರು ಊರಿಗೆ ಮರಳಿದ ಮೇಲೆ ಅದರದ್ದೇ ಒಂದು ಕೊಂಬೆಯನ್ನು ಚಿತ್ರದುರ್ಗದ ವಾಚನಾಲಯದ ಹಿಂದಿನ ಕೋಣೆಯಲ್ಲಿ ನೆಟ್ಟರು.

ತಿಂಗಳ ಮೊದಲ ಭಾನುವಾರ ಸಭೆ. ಹದಿನೈದು ಇಪ್ಪತ್ತು ಜನ ಸೇರುತ್ತಿದ್ದೆವು. ಡೆನ್ಮಾರ್ಕನ್ನು ಯಾರೂ ಕಂಡವರಲ್ಲ; ಹಲವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೆ. ಅಲ್ಲಿಂದ ಬಂದ ಪತ್ರವನ್ನು ಮೇಷ್ಟ್ರು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿ, ಕೊನೆಗೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕಾಗದ ಮುಟ್ಟಿ, ಅಂಚೆಚೀಟಿ ನೋಡಿ, ಪಕ್ಕದವನಿಗೆ ಕೊಡುವುದೇ ಒಂದು ಸಂಭ್ರಮ.

"ಸಾವಿರ ವರ್ಷದ ಹಿಂದೆ ಈ ಡೇನರು ಹಡಗಿನಾಗೆ ಬಂದು ಇಂಗ್ಲಿಷರ ಊರಿಗೆ ಬೆಂಕಿ ಇಟ್ಟೋರು" ಎಂದು ಮೇಷ್ಟ್ರು ಒಮ್ಮೆ ಹೇಳಿದರು. "ಈಗ ಒಂದೇ ಮೇಜಿನಾಗೆ ಕುಂತು ಚಾ ಕುಡೀತಾರೆ. ನಾವು ನೋಡ್ರಪ್ಪ, ಹೊಸದುರ್ಗದೋರು ಹೊಳಲ್ಕೆರೆಯೋರು ಬಸ್ಸಿನ ಸೀಟಿಗೆ ಟವಲ್ ಹಾಕಿ ಹೊಡೆದಾಡ್ತೀವಿ."

ಪದವಿ ಮುಗಿಸಿ ನಾನು ಆಗಷ್ಟೇ ಪತ್ರಿಕೆಗೆ ಸೇರಿದ್ದೆ. ಬರವಣಿಗೆ ತಿದ್ದಿದವರೂ ಮೇಷ್ಟ್ರೇ. ಯಾರು, ಎಲ್ಲಿ, ಯಾವಾಗ ಎಂಬುದು ಮೊದಲ ಸಾಲಿಗೆ ಬರಬೇಕು ಎನ್ನುತ್ತಿದ್ದರು. ಅವರು ಹೇಳಿದ ಇನ್ನೊಂದು ಮಾತನ್ನು ನಾನು ಟಿಪ್ಪಣಿ ಪುಸ್ತಕದ ಒಳರಟ್ಟಿನ ಮೇಲೆ ಬರೆದುಕೊಂಡಿದ್ದೆ: ಒಬ್ಬನ ಬಾಯಿಂದ ಬಂದದ್ದು ಮಾತು, ಇಬ್ಬರ ಬಾಯಿಂದ ಬಂದರೆ ಸುದ್ದಿ.

1973ರ ಡಿಸೆಂಬರ್ ಸಭೆಯಲ್ಲಿ ಕಾಗದದ ಹೃದಯ ಮಾಡುವುದನ್ನು ಕಲಿಸಿದರು. ಕ್ರಿಸ್‌ಮಸ್ ಹೊತ್ತಿಗೆ ಡೆನ್ಮಾರ್ಕಿನವರು ಮನೆಮನೆಯಲ್ಲೂ ಮಾಡುತ್ತಾರಂತೆ. ಒಂದು ಕೆಂಪು ಕಾಗದ, ಒಂದು ಬಿಳಿ. ಎರಡನ್ನೂ ಪಟ್ಟಿಪಟ್ಟಿಯಾಗಿ ಸೀಳಿ ಒಂದರೊಳಗೊಂದು ತೂರಿಸಿ ಹೆಣೆದರೆ ಹೃದಯದ ಆಕಾರದ ಪುಟ್ಟ ಚೀಲವಾಗುತ್ತದೆ. ಬ್ಲೇಡು ಹಿಡಿದು ಕೂತ ನಮ್ಮೆಲ್ಲರ ಕೈಯಲ್ಲೂ ಗಂಟು. ವಾಚನಾಲಯದ ಕಾವಲುಗಾರನಿಗೆ ಕಂಬಳಿ ಕೊಡಲು ಬಂದಿದ್ದ ಮದಕರಿಪುರದ ನೇಕಾರ ಅಜ್ಜ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಲೇ, ಪದವೀಧರರೇ, ಇಲ್ಲಿ ತರ್ರಿ" ಎಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡರು. ಒಮ್ಮೆ ಒಳಗೆ, ಒಮ್ಮೆ ಹೊರಗೆ. ಚಾ ಆರುವಷ್ಟರಲ್ಲಿ ಹೃದಯ ಸಿದ್ಧ. "ಇದು ಕಾಗದದ ಕಂಬಳಿ ಕಣಪ್ಪ. ನಮ್ಮ ಮನೇಲಿ ಆಡೋ ಕೂಸೂ ಮಾಡ್ತೈತೆ. ಇದನ್ನ ಕಲಿಸಾಕೆ ಇಂಗ್ಲೆಂಡ್ ಸೀಮೆಯಿಂದ ಪತ್ರ ಬರ್ಬೇಕಾಗಿತ್ತಾ?"

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರು ನಕ್ಕರು. ಆ ಹೃದಯವನ್ನು ಅಜ್ಜನಿಗೇ ಕೊಟ್ಟರು. ಅದನ್ನವರು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೋದರು.

ಮುಂದಿನ ಬೇಸಿಗೆಯಲ್ಲಿ ಬಂದ ಪತ್ರದಲ್ಲಿ ಆ ಸಂಘದವರು ಕೈಕಸುಬಿನ ಪ್ರದರ್ಶನ ಮಾಡುವ ಸುದ್ದಿ ಇತ್ತು. ನಮ್ಮ ಕಡೆಯಿಂದಲೂ ಏನಾದರೂ ಕಳಿಸೋಣ ಎಂದರು ಮೇಷ್ಟ್ರು. ಒಂದು ಮಧ್ಯಾಹ್ನ ಅವರೂ ನಾನೂ ಸೈಕಲ್ಲಿನಲ್ಲಿ ಮದಕರಿಪುರಕ್ಕೆ ಹೋದೆವು. ಅಜ್ಜನ ಪೆಟ್ಟಿಗೆಯಲ್ಲಿ ಒಂದೇ ಕಂಬಳಿ ಇತ್ತು. ಸ್ವಂತ ಕುರಿಗಳ ಉಣ್ಣೆ, ಬಣ್ಣ ಹಾಕದ ಹುಟ್ಟುಗಪ್ಪು. ಕಿರಿಮಗನ ಮದುವೆಯಲ್ಲಿ ಮದುಮಕ್ಕಳು ಕೂರುವ ಗದ್ದಿಗೆಗೆ ಹಾಸಲೆಂದು ನೇಯ್ದದ್ದು. ಆ ಮನೆತನದಲ್ಲಿ ಗದ್ದಿಗೆಯ ಕಂಬಳಿ ಹಾಸದೆ ಮದುವೆ ಇಲ್ಲ, ಹಾಸಿದ್ದನ್ನು ಹೊದೆಯುವ ಹಾಗಿಲ್ಲ. ಕಂಬಳಿಯನ್ನು ಎರಡು ಪಟ್ಟೆಯಾಗಿ ನೇಯ್ದು ನಡುವೆ ಹೊಲಿದು ಜೋಡಿಸುತ್ತಾರೆ. ಈ ಕಂಬಳಿಯ ನಡುಹೊಲಿಗೆಗೆ ಅಜ್ಜ ಕೆಂಪು ದಾರವನ್ನೂ ಬಿಳಿ ದಾರವನ್ನೂ ಹೆಣೆದು ಹಾಕಿದ್ದರು. ಆ ಕಾಗದದ ಹೃದಯ ನೋಡಿದ ಮೇಲೆ ಹಾಗೆ ಮಾಡಬೇಕೆನ್ನಿಸಿತಂತೆ.

ದುಡ್ಡಿನ ಮಾತನ್ನು ಅವರು ಎತ್ತಲಿಲ್ಲ. ಮಗನಿಗೆ ಇನ್ನೊಂದು ನೇಯ್ದರಾಯಿತು ಎಂದರು. ಕಂಬಳಿಯನ್ನು ನೆಲಕ್ಕೆ ಹಾಸಿ, "ಮೇಷ್ಟ್ರೇ, ಬೂಟು ಬಿಟ್ಟು ಕುಂತ್ಕಳ್ರಿ. ಇದು ಎಲ್ಲಿಗೆ ಹೋಗ್ತೈತೆ, ಕುಂತು ಹೇಳ್ರಿ" ಎಂದರು.

ಕಂಬಳಿಯ ಮೇಲೆ ಕೂತು ಸುಳ್ಳು ಹೇಳಬಾರದು. ಹಾಗೆ ಕೂತು ಹೇಳಿದ್ದನ್ನು ಯಾರೂ ಎರಡನೆಯ ಸಲ ಕೇಳಬಾರದು. ನಮ್ಮ ಕಡೆಯ ಹಟ್ಟಿಗಳಲ್ಲಿ ಇದು ಎಲ್ಲರಿಗೂ ಗೊತ್ತು. ಮೇಷ್ಟ್ರು ಬೂಟು ಬಿಚ್ಚಿದರು. ಅವರ ಕಾಲುಚೀಲದ ಹೆಬ್ಬೆರಳಿನ ಹತ್ತಿರ ತೂತಿತ್ತು... ಚಕ್ಕಳಮಕ್ಕಳ ಹಾಕಿ ಕೂತು ಹೇಳಿದರು: "ಇದು ಇಂಗ್ಲೆಂಡಿಗೆ ಹೋಗ್ತೈತೆ. ನಿನ್ನ ಹೆಸರು ಬರೆದು ಅಲ್ಲಿ ತೂಗುಹಾಕ್ತಾರೆ. ಆಮೇಲೆ ನಿನ್ನ ಮನೆಗೇ ವಾಪಸ್ ಬರ್ತೈತೆ."

1974ರ ಚಳಿಗಾಲದ ಒಂದು ಸಭೆಯಲ್ಲಿ ಮೇಷ್ಟ್ರು ಪತ್ರ ಓದಿದರು. ಕಂಬಳಿ ತಲುಪಿದೆ, ಗೋಡೆಯ ನಡುವೆ ತೂಗುಹಾಕಿದ್ದಾರೆ, ಡೇನಿಶ್ ಹೆಂಗಸರು ಮುಟ್ಟಿ ಮುಟ್ಟಿ ನೋಡಿದ್ದಾರೆ, ನೇಕಾರರಿಗೆ ನಮಸ್ಕಾರ ಹೇಳಿದ್ದಾರೆ. ಕನ್ನಡದಲ್ಲಿ ಮಾತ್ರ ಓದಿದರು. ಓದಿದ ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಅದು ಕೈಯಿಂದ ಕೈಗೆ ಬರಲಿಲ್ಲ. ನಾನು ಕೇಳಲಿಲ್ಲ.

ಸಂಜೆ ಸುದ್ದಿ ಬರೆದುಕೊಂಡು ಹೋದೆ. ನಮ್ಮ ಸಂಪಾದಕರು ಹೊಳಲ್ಕೆರೆಯವರು. ಯಾವ ವರದಿಗೂ ಅವರದು ಒಂದೇ ಪ್ರಶ್ನೆ.

"ಯಾರು ಹೇಳಿದ್ರು?"

"ಮೇಷ್ಟ್ರು."

"ಇನ್ನೊಬ್ಬರು?"

"ಕಳಿಸ್ತೀನಿ ಅಂತ ಕಂಬಳಿ ಮ್ಯಾಲೆ ಕುಂತು ಹೇಳವ್ರೆ, ಸಾರ್. ನಾನೇ ನೋಡೀನಿ."

ಸಂಪಾದಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಂಗಾರೆ ಬಿಡು" ಎಂದು ಸಹಿ ಹಾಕಿದರು. ನನ್ನ ಎರಡನೆಯ ಸಾಕ್ಷಿ ಆ ಕಂಬಳಿಯೇ ಆಗಿತ್ತು. ಬೇರೆ ಊರಿನ ವರದಿಗಾರನಾಗಿದ್ದರೆ ಪತ್ರ ತೋರಿಸಿ ಎಂದು ಕೇಳುತ್ತಿದ್ದ.

ಮೂರು ತಿಂಗಳಾದ ಮೇಲೆ ಬೇರೊಂದು ಕೆಲಸದ ಮೇಲೆ ಹಿರಿಯೂರಿಗೆ ಹೋಗಿದ್ದೆ. ಶಿಕ್ಷಕರ ವರ್ಗಾವಣೆಯ ಕಾಗದ ನೋಡುವ ಅಧಿಕಾರಿಯೊಬ್ಬರ ಹೇಳಿಕೆ ಬೇಕಿತ್ತು. ಮನೆಗೇ ಬರಹೇಳಿದ್ದರು. ಅವರು ಸ್ನಾನಕ್ಕೆ ಹೋಗಿದ್ದರು. ಜಗುಲಿಯ ಮಂಚದ ಮೇಲೆ ಅವರ ತಾಯಿ ಮಂಡಿಯವರೆಗೆ ಕರಿ ಕಂಬಳಿ ಹೊದ್ದು ಕೂತಿದ್ದರು. ಕಂಬಳಿಯ ನಡುವೆ ಉದ್ದಕ್ಕೂ ಕೆಂಪು ಬಿಳಿ ಹೊಲಿಗೆ.

"ಚೆನ್ನಾಗೈತೆ ಅಲ್ಲೇನಪ್ಪ?" ಎಂದರು ಮುದುಕಿ. "ಮಂಡಿನೋವಿಗೆ ಭಾಳ ಬೆಚ್ಚಗೆ. ದುರ್ಗದ ಇಂಗ್ಲಿಷ್ ಮೇಷ್ಟ್ರು ತಂದ್ಕೊಟ್ರು. ಕಾಫಿ ಕುಡೀತೀಯಾ?"

ಕಾಫಿ ಕುಡಿದೆ. ಹೇಳಿಕೆ ಬರೆದುಕೊಂಡೆ. ಬಸ್ಸು ಹತ್ತಿ ದುರ್ಗದಲ್ಲಿ ಇಳಿದವನು ನೇರ ಮೇಷ್ಟ್ರ ಮನೆಗೆ ಹೋದೆ. ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕಂಡದ್ದನ್ನು ಹೇಳಿದೆ. ಕೆಂಪು ಪೆನ್ನಿನ ಮುಚ್ಚಳ ಹಾಕಿದರು.

ಮದಕರಿಪುರದಿಂದ ತಂದ ಕಂಬಳಿಯನ್ನು ಕಳಿಸುವ ಮೊದಲೇ ಇಂಗ್ಲೆಂಡಿನಿಂದ ಪತ್ರ ಬಂದಿತ್ತಂತೆ. ಹಸಿ ಉಣ್ಣೆಯ ವಸ್ತುವನ್ನು ಬಂದರಿನಲ್ಲಿ ತಡೆಯುತ್ತಾರೆ, ದಯವಿಟ್ಟು ಕಳಿಸಬೇಡಿ ಎಂದು. "ವಾಪಸ್ ಕೊಟ್ಟಿದ್ರೆ ಅಜ್ಜನ ಮುಖ ನೋಡೋಕಾಗ್ತಿತ್ತಾ?" ಎಂದರು.

"ಹಿರಿಯೂರಿಗೆ ಯಾಕೆ ಹೋಯ್ತು, ಸಾರ್?"

ಉತ್ತರ ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಅವರ ಹೆಂಡತಿ ಮೈಸೂರಿನ ಶಾಲೆಯಲ್ಲಿ ಕೆಲಸದಲ್ಲಿದ್ದರು. ಆರು ವರ್ಷದಿಂದ ಸಂಸಾರ ಎರಡು ಊರಿನಲ್ಲಿತ್ತು. "ನನ್ನ ಅರ್ಜಿ ಅವರ ಮೇಜಿನ ಮ್ಯಾಲೆ ಎರಡು ವರ್ಷದಿಂದ ಐತೆ" ಎಂದರು.

"ಪತ್ರ ಓದಿದ್ರಲ್ಲ, ಸಾರ್. ನಾನು ಸುದ್ದಿ ಬರೆದೆ."

ಆಗ ಅವರು ಹೇಳಿದ ಮಾತು, ತರಗತಿಯ ಅದೇ ದನಿಯಲ್ಲಿ: "ಬರೆದೋನು ನೀನು. ಇಬ್ಬರ ಬಾಯಿಂದ ಕೇಳ್ದೆ ಬರೀಬೇಡ ಅಂತ ಹೇಳಿದ್ನಲ್ಲಪ್ಪ."

ಎದ್ದು ಬಂದೆ. ಆಮೇಲೆ ಅವರ ಜೊತೆ ಮಾತಾಡಲಿಲ್ಲ.

ಆ ರಾತ್ರಿಯೇ ಎರಡು ಸಾಲಿನ ತಿದ್ದುಪಡಿ ಬರೆದೆ. ಮರುದಿನ ಸಂಪಾದಕರು ಅದನ್ನು ಓದಿ, "ಮೊದ್ಲು ಅಜ್ಜಂಗೆ ನೀನೇ ಹೋಗಿ ಹೇಳು. ಪೇಪರ್ ನೋಡಿ ತಿಳಿಯೋದು ಬ್ಯಾಡ. ಆಮೇಲೆ ಅಚ್ಚು ಮಾಡಾಣ" ಎಂದರು.

ಮದಕರಿಪುರದಲ್ಲಿ ಅಜ್ಜ ಅಂಗಳದಲ್ಲಿ ಹಾಸು ಎಳೆದು ಕಟ್ಟಿ ಗಂಜಿ ಬಳಿಯುತ್ತಿದ್ದರು. ನನ್ನನ್ನು ಕಂಡು, "ಬಾರಪ್ಪ ಪೇಪರ್ರು, ನೀ ಬರ್ದಿದ್ದು ಊರಿಗೆಲ್ಲ ಗೊತ್ತಾಗೈತೆ" ಎಂದರು. ಕಿರಿಮಗನ ಮದುವೆ ಹಿಂದಿನ ವಾರವಷ್ಟೇ ಮುಗಿದಿತ್ತು. ಗದ್ದಿಗೆಗೆ ಹೊಸ ಕಂಬಳಿ ಸಿದ್ಧವಾಗಿರಲಿಲ್ಲ. ಮಗ್ಗದಲ್ಲಿ ಅರ್ಧಕ್ಕೆ ನಿಂತಿತ್ತು. ಬೀಗರು ಗೊಣಗಿದಾಗ ಅಜ್ಜ ಪತ್ರಿಕೆಯ ತುಣುಕನ್ನು ತೋರಿಸಿ, ನಮ್ಮ ಗದ್ದಿಗೆ ಕಂಬಳಿ ಇಂಗ್ಲೆಂಡ್ ಸೀಮೆಗೆ ಹೋಗೈತೆ, ಬರೋ ದಾರೀಲೈತೆ ಎಂದಿದ್ದರಂತೆ. ಪಕ್ಕದ ಮನೆಯ ಹಳೆ ಕಂಬಳಿ ಹಾಸಿ ಧಾರೆ ಎರೆದಿದ್ದರು.

ಒಳಗಿನಿಂದ ತುಣುಕು ತಂದು ನನ್ನ ಕೈಗೆ ಕೊಟ್ಟರು. "ಇನ್ನೊಂದ್ಸಲ ಓದಪ್ಪ. ಸೊಸೆ ಕೇಳಿಲ್ಲ." ಹೊಸ ಸೊಸೆ ಬಾಗಿಲ ಹಿಂದೆ ನಿಂತಿದ್ದಳು.

ಎಂಟೂ ಸಾಲು ಓದಿದೆ. ಅಚ್ಚಾದ ಹಾಗೆಯೇ ಓದಿದೆ.

ಜೇಬಿನಲ್ಲಿದ್ದ ತಿದ್ದುಪಡಿಯನ್ನು ತೆಗೆಯಲಿಲ್ಲ. ಊರಿಗೆ ಬಂದು ಸಂಪಾದಕರಿಗೆ, "ಹೇಳಲಿಲ್ಲ, ಸಾರ್" ಎಂದೆ. ಅವರು ಮೇಜಿನ ಮೇಲಿದ್ದ ಇನ್ನೊಂದು ವರದಿಯನ್ನು ಕೈಗೆತ್ತಿಕೊಂಡರು. ಆಮೇಲೆ ನನ್ನ ಯಾವ ವರದಿಗೂ ಅವರು ಮೂರು ಸಲ ಪ್ರಶ್ನೆ ಕೇಳದೆ ಸಹಿ ಹಾಕಿದ್ದಿಲ್ಲ.

ಶಾಲೆ ತೆರೆಯುವ ಮೊದಲೇ ಮೇಷ್ಟ್ರಿಗೆ ಮೈಸೂರಿಗೆ ವರ್ಗವಾಯಿತು. ವಾಚನಾಲಯದ ಕೋಣೆಯಲ್ಲಿ ಮತ್ತೆ ಸಭೆ ಸೇರಲಿಲ್ಲ. ಇಂಗ್ಲೆಂಡಿನಿಂದ ಒಂದೆರಡು ಪತ್ರ ಬಂದು, ತೆರೆಯುವವರಿಲ್ಲದೆ ಕಾವಲುಗಾರನ ಗೂಡಿನಲ್ಲಿ ಬಿದ್ದಿದ್ದವು. ಅಜ್ಜ ಕೆಲವು ವರ್ಷ ಬದುಕಿದ್ದರು. ಸಂತೆಯಲ್ಲಿ ಕಂಡಾಗ, ಕಂಬಳಿ ಬಂತೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಕಂಬಳಿಯ ಮೇಲೆ ಕೂತು ಹೇಳಿದ್ದನ್ನು ಎರಡನೆಯ ಸಲ ಕೇಳುವುದಿಲ್ಲವಲ್ಲ... ಮೇಷ್ಟ್ರು ತೀರಿಕೊಂಡದ್ದು ನನಗೆ ಮೈಸೂರಿನ ಪತ್ರಿಕೆಯೊಂದರಿಂದ ತಿಳಿಯಿತು. ನಾಲ್ಕು ಸಾಲಿನ ಸುದ್ದಿ. ಚಿತ್ರದುರ್ಗದಲ್ಲಿ ವಿದೇಶಿ ಸ್ನೇಹ ಸಂಘದ ಶಾಖೆ ಸ್ಥಾಪಿಸಿದವರು ಎಂದು ಮೂರನೆಯ ಸಾಲಿನಲ್ಲಿತ್ತು. ಅಂದು ನನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಅವರ ಮಾತು ಬರೆದ ಒಳರಟ್ಟನ್ನು ಹುಡುಕಿದೆ. ಸಿಕ್ಕಿತು. ಹರಿಯಲು ಕೈ ಬರಲಿಲ್ಲ. ನನಗೆ ಬರೆಯಲು ಕಲಿಸಿದವರು ಅವರೊಬ್ಬರೇ.

ಹತ್ತು ದಿನ ಬಿಟ್ಟು ಮೊಮ್ಮಗಳು ಬಂದಳು. ಹೊಸ ಕಂಬಳಿಯ ಸುರುಳಿಯೊಂದು ಕಂಕುಳಲ್ಲಿತ್ತು, ಮಾದರಿ ತೋರಿಸಲು ಹಿರಿಯೂರಿಗೆ ಹೊರಟಿದ್ದಳು. ಫೋಟೋ ಇಲ್ಲ ಎಂದೆ. ಪ್ರದರ್ಶನದ ಬೇರೆ ಕಾಗದವೇನಾದರೂ ಇದೆಯೇ ಎಂದಳು. ಅದೂ ಇಲ್ಲ ಎಂದೆ. ನನ್ನ ಮುಖ ನೋಡಿದಳು. ಆಮೇಲೆ ಸುರುಳಿ ಬಿಚ್ಚಿ ನಡುಮನೆಯಲ್ಲಿ ಹಾಸಿದಳು.

"ಅಣ್ಣ, ನಮ್ಮಪ್ಪ ಸಾಯೋಗಂಟ ಕಾಯ್ದ. ನನ್ನ ಮದುವೆ ಹೊತ್ತಿಗಾರ ಆ ಕಂಬಳಿ ಬರ್ತೈತೆ ಅಂತಿದ್ದ. ಕುಂತು ಹೇಳ್ರಿ."

ಚಪ್ಪಲಿ ಬಿಟ್ಟು ಕೂತೆ. ಹಿರಿಯೂರಿನ ಜಗುಲಿಯಿಂದ ಹಿಡಿದು ಹೊಸ ಸೊಸೆಯಾಗಿದ್ದ ಅವಳ ತಾಯಿ ಬಾಗಿಲ ಹಿಂದೆ ನಿಂತದ್ದರವರೆಗೆ ಎಲ್ಲವನ್ನೂ ಹೇಳಿದೆ. ಅವಳು ನಡುವೆ ಒಂದೂ ಪ್ರಶ್ನೆ ಕೇಳಲಿಲ್ಲ.

ಮುಗಿದ ಮೇಲೆ ಎದ್ದು ಪಕ್ಕಕ್ಕೆ ನಿಂತೆ. ಅವಳು ಕಂಬಳಿ ಸುತ್ತಿಕೊಂಡು ಹನ್ನೊಂದು ಗಂಟೆಯ ಹಿರಿಯೂರು ಬಸ್ಸಿಗೆ ಹೋದಳು. ಪತ್ರಿಕೆಯ ತುಣುಕನ್ನು ಒಯ್ಯಲಿಲ್ಲ. ಅದು ನನ್ನ ಮೇಜಿನ ಮೇಲಿದೆ.