ಕಂಡಕ್ಟರ್ ಕೋಮಲ ಮತ್ತು ಸ್ಕಾಟ್ಲೆಂಡಮ್ಮ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಬೆಳಿಗ್ಗೆ ಎಂಟೂಕಾಲಿಗೆ ಹೊರಡುವ ಸರ್ಕಾರಿ ಬಸ್ಸಿನಲ್ಲಿ ನಾನು ಒಂಬತ್ತು ವರ್ಷ ಓಡಾಡಿದ್ದೇನೆ. ನರಸೀಪುರದ ಒಂದು ಕಚೇರಿಯಲ್ಲಿ ನನ್ನ ಗುಮಾಸ್ತಗಿರಿ. ಆ ಬಸ್ಸಿಗೆ ಕೋಮಲ ಕಂಡಕ್ಟರ್ ಆಗಿ ಬಂದ ಮೇಲೆ ನಾವೆಲ್ಲ ಮೊದಮೊದಲು ಅವಳಿಗೆ ಹೆದರುತ್ತಿದ್ದೆವು. ಮಾತು ಕಡಿಮೆ. ಟಿಕೆಟ್ ಮಿಷಿನ್ ಒತ್ತಿ ಚೀಟಿ ಕೊಟ್ಟು ಮುಂದೆ ಹೋಗುವಳು, ಅಷ್ಟೇ. ದೇವನೂರಿನವಳು, ಲಾರಿ ಓಡಿಸುತ್ತಿದ್ದ ಗಂಡ ಸಿದ್ದು ಎದೆನೋವು ಬಂದು ತೀರಿಕೊಂಡಿದ್ದಾನೆ, ಮನೆಯಲ್ಲಿ ಅತ್ತೆ ರುದ್ರಮ್ಮ, ಡಿಗ್ರಿ ಓದುವ ಮಗಳು ಕವನ ಇದ್ದಾರೆ ಎಂಬುದಷ್ಟೇ ನಮಗೆ ಗೊತ್ತಿತ್ತು.

ಒಂದು ದಿನ ಯಾರೋ ಸೀಟಿನ ಮೇಲೆ ಒಂದು ಇಂಗ್ಲಿಷ್ ಪುಸ್ತಕ ಬಿಟ್ಟು ಇಳಿದುಹೋದರು. ಕೋಮಲ ಅದನ್ನು ನಿಯಮದಂತೆ ಡಿಪೋಗೆ ಒಪ್ಪಿಸಿದಳು. ತಿಂಗಳುಗಟ್ಟಲೆ ಕಾದರೂ ಯಾರೂ ಕೇಳಿಕೊಂಡು ಬರಲಿಲ್ಲ. ಕಳೆದುಹೋದ ಛತ್ರಿ, ಟಿಫನ್ ಕ್ಯಾರಿಯರುಗಳ ನಡುವೆ ಬಿದ್ದಿದ್ದ ಪುಸ್ತಕವನ್ನು ಮ್ಯಾನೇಜರು ಅವಳ ಕೈಗೇ ಕೊಟ್ಟು, "ನಿನ್ ಮಗಳು ಓದ್ತಾಳಲ್ಲ, ತಗಂಡೋಗು" ಎಂದರು. ಮುಖಪುಟದಲ್ಲಿ ಮಾಂಸ ಕಡಿಯುವ ಮಚ್ಚು. ಅದರ ಪಕ್ಕದಲ್ಲಿ ಯಾವ ಕಾರಣಕ್ಕೋ ಒಂದು ರಬ್ಬರ್ ಬೂಟು.

ಕವನ ನಾಲ್ಕು ಪುಟ ಓದಿ ಬಿಟ್ಟಳು. ಹಿಡಿದುಕೊಂಡದ್ದು ಕೋಮಲ. ಪಿಯುಸಿಯಲ್ಲಿ ಇಂಗ್ಲಿಷನ್ನು ಎರಡನೇ ಸಲಕ್ಕೆ ಪಾಸು ಮಾಡಿದವಳು ಅವಳು. ಮೊದಲ ಪುಟಕ್ಕೆ ನಾಲ್ಕು ದಿನ ಹಿಡಿಯಿತು. ಫೋನಿನ ಡಿಕ್ಷನರಿಯಲ್ಲಿ ಅರ್ಧ ಪದಗಳು ಸಿಗುತ್ತಲೇ ಇರಲಿಲ್ಲ. ಮಗಳು ಹುಡುಕಿ ನೋಡಿ ಹೇಳಿದಳು:

"ಅಮ್ಮ, ಇದು ಸ್ಕಾಟ್ಲೆಂಡ್ ಕಡೆ ಮಾತು. ಇಂಗ್ಲಿಷೇ, ಆದ್ರೆ ಅವ್ರು ಅವ್ರಿಗೆ ಬಂದಂಗೆ ಆಡ್ತಾರೆ."

"ಅಂದ್ರೆ, ನಾವು ಹಳ್ಳೀನ ಅಳ್ಳಿ ಅಂತೀವಲ್ಲ, ಅಂಗಾ?"

"ಊಂ, ಅಂಗೇ."

ಅಂದಿನಿಂದ ಅವಳಿಗೆ ಭಯ ಹೋಯಿತು. ಫೋನು ಬದಿಗಿಟ್ಟು, ಗೊತ್ತಾಗದ ಮಾತನ್ನು ಗಟ್ಟಿಯಾಗಿ ಓದಿ ಅಂದಾಜು ಮಾಡತೊಡಗಿದಳು.

ಕಥೆ ಒಂದು ಬಂದರು ಪಟ್ಟಣದ್ದು. ಅಲ್ಲಿ ಸದಾ ಮಳೆ. ಹಬ್ಬದ ಹಿಂದಿನ ವಾರ ಮಾಂಸದಂಗಡಿಯವನು ಮಾಂಸ ಕೆಡದಂತೆ ಇಡುವ ತನ್ನದೇ ಮಂಜಿನ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿರುತ್ತಾನೆ. ಹೆಂಡತಿ ನೋಡುತ್ತಾಳೆ. ಆದರೆ ಊರವರೆಲ್ಲ ಹಬ್ಬಕ್ಕೆ ಮಾಂಸ ಹೇಳಿಟ್ಟಿದ್ದಾರೆ, ಈಗ ಪೊಲೀಸರು ಬಂದರೆ ಅಂಗಡಿಗೆ ಬೀಗ ಬೀಳುತ್ತದೆ ಎಂದು ಆ ಕೋಣೆಯ ಬಾಗಿಲು ಮುಂದಕ್ಕೆ ಹಾಕಿ ನಾಲ್ಕು ದಿನ ವ್ಯಾಪಾರ ಮುಗಿಸುತ್ತಾಳೆ. ಯಜಮಾನರೆಲ್ಲಿ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. ಅದನ್ನು ಕೋಮಲ ನಮ್ಮ ಬಸ್ಸಿನಲ್ಲಿ ಹೇಳುತ್ತಿದ್ದದ್ದು ಹೀಗೆ:

"ನಮ್ಮ ಯಜಮಾನ್ರಾ? ಒಳಗೆ ತಣ್ಣಗವ್ರೆ ಕಣ್ರೀ!"

ಇದನ್ನು ಮೊದಲು ಕೇಳಿಸಿಕೊಂಡವರು ರುದ್ರಮ್ಮ. ಒಂದು ಭಾನುವಾರ ಮಧ್ಯಾಹ್ನ ಅತ್ತೆ ಸೊಸೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಕೋಮಲ ಒಬ್ಬಳೇ ನಗುತ್ತಿದ್ದಳು.

"ಏನವ್ವ ಅಂಗ್ ನಗ್ತೀಯ? ನಂಗೂ ಏಳು" ಎಂದರು ರುದ್ರಮ್ಮ.

ಕೋಮಲ ಹೇಳಿದಳು. ಸತ್ತವನ ಪೆಟ್ಟಿಗೆ ಅಗಲವಾಗಿ ಬಾಗಿಲಲ್ಲಿ ಸಿಕ್ಕಿಕೊಳ್ಳುವುದು, ಬಡಗಿಯನ್ನು ಕರೆಸಿ ಚೌಕಟ್ಟು ಬಿಚ್ಚಿಸುವುದು, ಅಷ್ಟು ಹೊತ್ತಿಗೆ ಪಾದ್ರಿ ಬೇರೆ ಯಾರದೋ ಹೆಸರು ಹಿಡಿದು ಪ್ರಾರ್ಥನೆ ಮುಗಿಸಿಬಿಡುವುದು, ಹೆಂಡತಿ ಕಪ್ಪು ಬಟ್ಟೆಯಲ್ಲಿ ಮುಖ ಮುಚ್ಚಿ ನಗುವುದು. ಅಲ್ಲಿಗೆ ಬಂದವಳು ತಟ್ಟನೆ ನಿಲ್ಲಿಸಿದಳು.

"ಅತ್ತೆ, ಒಂದ್ ಮಾತ್ ಏಳ್ತೀನಿ. ಬೈಬ್ಯಾಡಿ."

"ಏಳು."

"ಅವ್ರನ್ನ ತಂದ್ರಲ್ಲ ಆವತ್ತು... ವ್ಯಾನಿಂದು ಹಾರನ್ ಸಿಕ್ಕಾಕಂಡಿತ್ತಲ್ಲ."

ಅದು ಊರಿಗೆಲ್ಲ ನೆನಪಿದ್ದ ಸಂಗತಿ. ಸಿದ್ದುವಿಗೆ ಹಾರನ್ನಿನ ಹುಚ್ಚು. ಲಾರಿಗೆ ಹಾಡಿನ ಹಾರನ್ ಹಾಕಿಸಿ, ಊರು ಇನ್ನೂ ಒಂದು ಮೈಲಿ ಇರುವಾಗಲೇ ಬಾರಿಸಲು ಶುರು ಮಾಡುತ್ತಿದ್ದ. ಅವನ ಹೆಣ ತಂದ ವ್ಯಾನಿನ ಹಾರನ್ನೂ ಅಷ್ಟು ದೂರದಲ್ಲೇ ಒತ್ತಿದ ಹಾಗೇ ಸಿಕ್ಕಿಕೊಂಡು, ಮನೆಯ ಮುಂದೆ ಬರುವ ತನಕ ಕೂಗುತ್ತಲೇ ಬಂದಿತ್ತು. ಡ್ರೈವರು ಸ್ಟೇರಿಂಗಿಗೆ ಗುದ್ದಿ ಗುದ್ದಿ ಸಾಕಾಗಿ ಕೈಮುಗಿದಿದ್ದ.

"ನಂಗೆ ನಗ ಬಂದ್ಬುಡ್ತು ಅತ್ತೆ. ಸೆರಗ ಬಾಯ್ಗೆ ತುರುಕ್ಕಂಡೆ. ಎಲ್ರೂ ಅಳ್ತಾವ್ಳೆ ಅಂದ್ಕಂಡ್ರು."

ಮೂರು ವರ್ಷ ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಎಂಥ ಹೆಂಗಸು ನಾನು ಎಂದು ತನ್ನನ್ನೇ ಬೈದುಕೊಂಡು, ನಗುವುದನ್ನೇ ಬಿಟ್ಟಿದ್ದಳು. ರುದ್ರಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟರು.

"ನಂಗೂ ಬಂದಿತ್ತು ಕಣವ್ವ" ಎಂದರು. "ಈ ಬಡ್ಡೈದ ಸತ್ ಮೇಲೂ ಸುಮ್ಕೆ ಬರ್ನಿಲ್ವಲ್ಲ ಅಂತ."

ಇಬ್ಬರೂ ನಕ್ಕರು, ನಗುತ್ತ ನಗುತ್ತ ಅತ್ತರು, ಮತ್ತೆ ನಕ್ಕರು. ಪಕ್ಕದ ಮನೆಯವರು ಏನಾಯಿತೋ ಎಂದು ಬಂದು ಇಣುಕಿ, ಅರ್ಥವಾಗದೆ ಹಿಂದಿರುಗಿದರಂತೆ.

ಆ ಸೋಮವಾರ ಬಸ್ಸಿಗೆ ಬಂದವಳು ಬೇರೆಯೇ ಕೋಮಲ. ಟಿಕೆಟ್ ಕೊಟ್ಟು ಮುಗಿದ ಮೇಲೆ ಕಂಬಕ್ಕೆ ಒರಗಿ ನಿಂತು ಕಥೆ ಶುರು ಮಾಡಿದಳು. ಬರೆದ ಹೆಂಗಸಿನ ಹೆಸರಿಗೆ ಅವಳ ನಾಲಗೆ ಹೊರಳಲಿಲ್ಲ, ಅದಕ್ಕೆ ಸ್ಕಾಟ್ಲೆಂಡಮ್ಮ ಎಂದಳು. ನಾವೂ ಹಾಗೇ ಅಂದೆವು. ಕೊಂದವರು ಯಾರು ಎಂಬುದನ್ನು ಮಾತ್ರ ಎಷ್ಟು ಗೋಗರೆದರೂ ಬಾಯಿಬಿಡುತ್ತಿರಲಿಲ್ಲ. "ಅದೊಂದ ನೀವೇ ಓದ್ಕಳಿ" ಎನ್ನುವಳು. ಹೆಂಗಸರಿಗೆ ಹೇಗೂ ಬಸ್ಸು ಪುಕ್ಕಟೆ. ಸುತ್ತೂರಿನಲ್ಲಿ ಇಳಿಯಬೇಕಾದ ಒಬ್ಬಾಕೆ ಮಂಜಿನ ಕೋಣೆಯ ಬಾಗಿಲು ತೆರೆಯುವ ಜಾಗದಲ್ಲಿ ಸಿಕ್ಕಿಕೊಂಡು, ತಲೆಗೇರಿಸಬೇಕಾದ ಸೊಪ್ಪಿನ ಮೂಟೆಯನ್ನು ಕಾಲ ಬಳಿಯೇ ಇಟ್ಟುಕೊಂಡು ನರಸೀಪುರದವರೆಗೂ ಬಂದುಬಿಟ್ಟರು.

ಡ್ರೈವರ ಹಿಂದಿನ ಸೀಟಿನಲ್ಲಿ ದಿನವೂ ಗಂಗಾಧರಸ್ವಾಮಿ ಮೇಷ್ಟ್ರು ಕೂರುತ್ತಿದ್ದರು. ನರಸೀಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವರು, ನಿವೃತ್ತಿಗೆ ಎರಡು ವರ್ಷವಿತ್ತು. ಬಸ್ಸಿನ ಬೋರ್ಡಿನ ಕಾಗುಣಿತವನ್ನೂ ತಿದ್ದಿಸಿದವರು. ಕೋಮಲ ಪುಸ್ತಕವನ್ನು ಅವರ ಮುಂದೆ ಹಿಡಿದದ್ದು ಕಂಡು ನನಗೇ ಆಶ್ಚರ್ಯವಾಯಿತು.

"ಕೊಲೆ ಪುಸ್ತಕಗಳನ್ನೆಲ್ಲ ನಾನು ಓದೋದಿಲ್ಲ ಕಣಮ್ಮ."

"ಕೊಲೆ ಕಥೆ ಅಲ್ಲ ಸಾ, ನಗೋ ಕಥೆ. ಕೊಲೆ ಅದ್ರೊಳಗೆ ಅಂಗೇ ಬಂದೋಗ್ತದೆ."

ಮೇಷ್ಟ್ರು ಒಂದು ಸಂಭಾಷಣೆ ಓದಿ ಮುಖ ಕಿವುಚಿದರು. "ಇದೇನು ಇಂಗ್ಲಿಷೇನಮ್ಮ? ವ್ಯಾಕರಣವೇ ಇಲ್ಲ."

"ನಮ್ ಮಾತ್ನಲ್ಲಿ ವ್ಯಾಕರ್ಣ ಅದಾ ಸಾ?"

ಮೇಷ್ಟ್ರು ಎರಡೇ ಬೆರಳಲ್ಲಿ ಪುಸ್ತಕ ಹಿಡಿದು ಚೀಲಕ್ಕೆ ಹಾಕಿಕೊಂಡರು.

ಹದಿನೈದು ದಿನ ಅದರ ಸುದ್ದಿಯಿಲ್ಲ. ಕೋಮಲ ಕೇಳಲೂ ಆಗದೆ ಬಿಡಲೂ ಆಗದೆ ಚಡಪಡಿಸಿದಳು. ಕೊನೆಗೆ ವಾಪಸ್ ಬಂದ ಪುಸ್ತಕ ತೆರೆದು ನೋಡಿದರೆ ಮೈಯೆಲ್ಲ ಕೆಂಪು ಶಾಯಿ! ಸ್ಕಾಟ್ಲೆಂಡಿನ ಬೆಸ್ತರು, ಕುಡುಕರು, ಪೊಲೀಸರು ಆಡಿದ ಪ್ರತಿ ಮಾತಿಗೂ ಗೆರೆ ಎಳೆದು, ಪಕ್ಕದಲ್ಲಿ ಶುದ್ಧ ಇಂಗ್ಲಿಷ್ ಬರೆದು ತಿದ್ದಿದ್ದರು.

"ಸಾ! ಇದ್ ನನ್ ಪುಸ್ತಕ ಸಾ!" ಕೋಮಲಳ ದನಿ ಬಸ್ಸಿಗೆಲ್ಲ ಕೇಳಿಸಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಸಿಟ್ಟಿನಲ್ಲಿ ಒಂದೊಂದೇ ಹಾಳೆ ತಿರುಗಿಸುತ್ತ ಹೋದ ಕೋಮಲಳ ಕೈ ನಿಧಾನವಾಯಿತು. ನಲವತ್ತಾರನೇ ಪುಟಕ್ಕೆ ಕೆಂಪು ನಿಂತಿತ್ತು. ಅಲ್ಲಿಂದ ಕೊನೆಯವರೆಗೆ ಒಂದು ಚುಕ್ಕೆಯೂ ಇಲ್ಲ.

"ಆಮ್ಯಾಕೆ ತಪ್ಪೇ ಇರ್ನಿಲ್ವಾ ಸಾ?"

ಮೇಷ್ಟ್ರು ಕಿಟಕಿಯಾಚೆಗಿನ ಕಬ್ಬಿನ ಗದ್ದೆಯನ್ನು ನೋಡುತ್ತ, "ಪೆನ್ನು ಮುಗಿದುಹೋಯ್ತು ಕಣಮ್ಮ" ಎಂದರು.

ಇಡೀ ಬಸ್ಸು ನಕ್ಕಿತು. ಸ್ವಲ್ಪ ದೂರ ಹೋದ ಮೇಲೆ ಅವರೇ ಮೆಲ್ಲಗೆ ಕೇಳಿದರು: "ಆ ಹೆಂಗಸು ಇನ್ನೇನಾದರೂ ಬರೆದಿದ್ದಾಳೋ?"

ಬರೆದಿದ್ದಳು. ಒಟ್ಟು ಏಳು. ಮೇಷ್ಟ್ರು ಕಾಲೇಜಿನ ಲೈಬ್ರರಿಗೆ ಏಳನ್ನೂ ತರಿಸಿದರು; ಕೋಮಲಳೂ ಒಂದೊಂದಾಗಿ ಅವನ್ನು ಓದಿ ಮುಗಿಸಿದಳು. ತರಿಸಿದವರು ಸುಮ್ಮನಿರದೆ, ಒಂದು ದಿನ ಮಧ್ಯಾಹ್ನ ಕೋಮಲಳನ್ನು ಕಾಲೇಜಿನ ಮಕ್ಕಳ ಮುಂದೆ ಮಾತಾಡಲು ಕರೆದರು. ಎರಡು ಟ್ರಿಪ್ಪಿನ ನಡುವೆ ಸಿಗುವ ಮುಕ್ಕಾಲು ಗಂಟೆಯಲ್ಲಿ, ಖಾಕಿ ಸಮವಸ್ತ್ರದಲ್ಲೇ ಹೋದಳು. ನಾನೂ ಕಚೇರಿಯಿಂದ ಜಾರಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮೈಕ್ ಮುಂದೆ ನಿಂತು ಅವಳು ಮಕ್ಕಳನ್ನು ಎಣಿಸುವವಳಂತೆ ಒಂದು ಸಲ ಕಣ್ಣಾಡಿಸಿ, ಮಾಂಸದಂಗಡಿಯ ಬಾಗಿಲು ತೆರೆದಳು.

ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಏಳರಲ್ಲಿ ಯಾವುದರಿಂದ ಶುರು ಮಾಡಬೇಕು ಎಂದು ಕೇಳಿದಳು.

"ಮೊದಲ್ನೇದು ಬ್ಯಾಡ" ಎಂದಳು ಕೋಮಲ, ಗಡಿಯಾರ ನೋಡಿಕೊಂಡು ಚೀಲವನ್ನು ಹೆಗಲಿಗೇರಿಸುತ್ತ. "ಅದ್ರಲ್ಲಿ ಆಯಮ್ಮ ಇನ್ನಾ ಕಲೀತಾವ್ಳೆ, ಬರೀ ಮಳೇನೇ ಉಯ್ತದೆ. ಮೂರ್ನೇದ್ ತಗೋ. ಊಟ ಮಾಡ್ಕಂಡ್ ಕೂತ್ಕೋ ಮತ್ತೆ, ಮಧ್ಯದಲ್ಲಿ ಏಳಕ್ಕಾಗಲ್ಲ."